ಎಡಭುಜದ ಕೆಳಗೆ ಒಂದು ಬೆರಳಷ್ಟು

2025ರ ಮಾರ್ಚ್ 4, ಮಂಗಳವಾರ. ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಹೊಳೆನರಸೀಪುರ ಠಾಣೆಯೊಳಗೆ ಬಂದ ಕೋಮಲಾ, ಕುರ್ಚಿಯಲ್ಲಿ ಕೂರುವ ಮೊದಲೇ, “ಮೇಡಂ, ನನ್ನ ಕುಸ್ತಿ ಕಳುವಾಗಿದೆ,” ಎಂದಳು.

ಪಿಎಸ್‌ಐ ಜಿನಶ್ರೀ ತನ್ನ ಎಂಟು ವರ್ಷದ ಸೇವೆಯಲ್ಲಿ ಎಮ್ಮೆ, ಪಂಪ್‌ಸೆಟ್ಟು, ಒಮ್ಮೆ ಮದುವೆಮನೆಯ ಹೋಳಿಗೆ ಬುಟ್ಟಿ ಕಳುವಾದ ದೂರನ್ನೂ ಬರೆದುಕೊಂಡಿದ್ದಳು. ಕುಸ್ತಿ ಇದೇ ಮೊದಲು.

“ಸಾವಕಾಶವಾಗಿ ಹೇಳಿ,” ಎಂದಳು.

ಕೋಮಲಾ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅರಕಲಗೂಡಿನ ಹಳೆಯ ಪೈಲ್ವಾನ್ ದೊಡ್ಡಯ್ಯ ತಮ್ಮ ಗರಡಿಮನೆಯನ್ನು ಹೊಸದಾಗಿ ಕಟ್ಟಿಸಿ, ಅದರ ಗೋಡೆಗೆಂದು ಅವಳ ಕೈಯಲ್ಲಿ ಚಿತ್ರ ಬರೆಸುತ್ತಿದ್ದರು. 1984ರಲ್ಲಿ ಹಾಸನದಲ್ಲಿ ನಡೆದ ಕುಸ್ತಿ ಅದು. ದೊಡ್ಡಯ್ಯ ಎದುರಾಳಿಯನ್ನು ಚಿತ್ ಮಾಡಿ, ಎರಡೂ ಭುಜ ಮಣ್ಣಿಗೆ ಒತ್ತಿ ಗೆದ್ದ ಗಳಿಗೆ. ಆ ದಿನದ್ದು ಒಂದೂ ಫೋಟೊ ಇರಲಿಲ್ಲ. ದೊಡ್ಡಯ್ಯ ನಾಲ್ಕು ಭಾನುವಾರ ಬಂದು, ಕೋಮಲಾಳ ನಡುಮನೆಯಲ್ಲಿ ದಿಂಬಿನ ಮೇಲೆ ಪಟ್ಟು ಹಾಕಿ ತೋರಿಸಿದ್ದರು. ಅದನ್ನು ನೋಡಿಕೊಂಡು ನಾಲ್ಕಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸಿನ ಮೇಲೆ ಅವಳು ಬರೆದಿದ್ದಳು. ಬಣ್ಣ ಇನ್ನೂ ಹಸಿ. ಬರುವ ಭಾನುವಾರ ಗರಡಿಯ ಉದ್ಘಾಟನೆ.

ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಜಿನಶ್ರೀ, ಹೆಡ್ ಕಾನ್‌ಸ್ಟೆಬಲ್ ನಟರಾಜನೊಂದಿಗೆ ಕೋಮಲಾಳ ಮನೆಗೆ ಹೋಗಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಸಿದಳು. ಬೀದಿ ಕಡೆಯ ಕೋಣೆಗೆ ಬರೀ ಚಿಲಕ. ಹಿಂದಿನ ದಿನ ಕೋಮಲಾ ಶಾಲೆಯಲ್ಲಿದ್ದಾಗ ಯಾರೋ ಚಿಲಕ ತೆಗೆದು ಒಳಗೆ ಬಂದಿದ್ದರು. ಲ್ಯಾಪ್‌ಟಾಪ್ ಇದ್ದಲ್ಲೇ ಇತ್ತು, ಬೆಳ್ಳಿ ಕುಂಕುಮದ ಬಟ್ಟಲೂ ಇತ್ತು. ಚಿತ್ರದ ಜೊತೆಗೆ ಹೋಗಿದ್ದು ಒಂದೇ, ತಂತಿಯ ಮೇಲೆ ಒಣಗಲು ಹಾಕಿದ್ದ ಹೂವಿನ ಬೆಡ್‌ಶೀಟು. ಹೋಗುವಾಗ ಕಳ್ಳ ಚಿಲಕವನ್ನು ಮತ್ತೆ ಹಾಕಿದ್ದ.

“ಮರ್ಯಾದಸ್ತ ಕಳ್ಳ,” ಎಂದ ನಟರಾಜ.

“ಈ ಚಿತ್ರ ಯಾರ್ಯಾರು ನೋಡಿದ್ರು?” ಜಿನಶ್ರೀ ಕೇಳಿದಳು.

“ನಮ್ಮನೆಯವರು, ದೊಡ್ಡಯ್ಯನವರು. ಶನಿವಾರ ಒಬ್ಬರು ಯಜಮಾನರು ಬಂದಿದ್ರು. ಮೊಮ್ಮಗಳ ಚಿತ್ರ ಬರೆಸ್ಬೇಕು ಅಂದ್ರು. ಆದ್ರೆ ಇದರ ಮುಂದೇನೇ ಅರ್ಧ ಗಂಟೆ ನಿಂತಿದ್ರು.”

“ಏನಾದ್ರೂ ಅಂದ್ರಾ?”

“‘ಇಂಗಿತ್ತು ಅಂತ ಯೋಳ್ದೋರು ಯಾರವ್ವ?’ ಅಂದ್ರು. ಅಷ್ಟೇ.”

“ಮುಖ ನೆನಪಿದೆಯಾ?”

ಕೋಮಲಾ ಉತ್ತರ ಕೊಡುವ ಬದಲು ಪೆನ್ಸಿಲ್ ತೆಗೆದುಕೊಂಡಳು. ಹತ್ತು ನಿಮಿಷಕ್ಕೆ ಹಾಳೆಯ ಮೇಲೆ ಅರವತ್ತು ದಾಟಿದ ಗಂಡಸೊಬ್ಬ ಎದ್ದು ಬಂದ. ದಪ್ಪ ಮೀಸೆ, ಗೂಳಿಯ ಕತ್ತು. ಕಿವಿಗಳು ಮಾತ್ರ ಹಿಂಡಿ ಬಿಟ್ಟ ಹಾಗೆ ಮುದುಡಿ ಊದಿದ್ದವು.

ನಟರಾಜ ಹಾಳೆಯನ್ನು ಕಣ್ಣ ಹತ್ತಿರ ಹಿಡಿದ. “ಇದು ಗರಡಿ ಮಟ್ಟಿ ಮಣ್ಣಲ್ಲಿ ಉಜ್ಜಿ ಉಜ್ಜಿ ಆಗಿರೋ ಕಿವಿ ಮೇಡಂ. ನಮ್ಮ ಸ್ವಾದರಮಾವಂದೂ ಇಂಗೇ ಇದ್ವು. ಈವಯ್ಯ ಪೈಲ್ವಾನ್ನೇಯ.”

ಮಧ್ಯಾಹ್ನ ಎರಡಕ್ಕೆ ಇಬ್ಬರೂ ಬಸ್ ನಿಲ್ದಾಣದಲ್ಲಿದ್ದರು. ನಾಲ್ಕಡಿಯ ಚಿತ್ರ ಬೈಕಿನಲ್ಲಿ ಹೋಗುವುದಿಲ್ಲ, ಹೋದರೂ ಹಸಿ ಬಣ್ಣ ಉಳಿಯುವುದಿಲ್ಲ ಎಂಬುದು ಜಿನಶ್ರೀಯ ಲೆಕ್ಕ. ಮೂರನೆಯ ಬಸ್ಸಿನ ಕಂಡಕ್ಟರ್ ಮಧುಕುಮಾರ್ ಹಾಳೆ ನೋಡಿದವನೇ ತಲೆಯಾಡಿಸಿದ.

“ನೆನ್ನೆ ಒಂದು ಗಂಟೆ ಟ್ರಿಪ್ಪು ಮೇಡಂ. ಹೂವಿನ ಬೆಡ್‌ಶೀಟ್ ಸುತ್ತಿದ್ದ ಹಲಗೆ ಇಡ್ಕಂಡಿದ್ರು. ಸೀಟ್ ಖಾಲಿ ಐತೆ, ಕೂತ್ಕಳಿ ಅಂದ್ರೂ ಕೇಳ್ನಿಲ್ಲ. ಎಳೆಮಗೀನ ಅವುಚ್ಕಂಡಂಗೆ ಅವುಚ್ಕಂಡು, ಚನ್ನರಾಯಪಟ್ಟಣದ ಗಂಟ ನಿಂತ್ಕಂಡೇ ಬಂದ್ರು.”

“ಜೊತೆಗೆ ಯಾರಾದ್ರೂ?”

“ಒಬ್ರೇ. ಇಳಿಯುವಾಗ ನಂಗೆ ಕೈ ಮುಗುದ್ರು.”

ಊರು ಗೊತ್ತಾಯಿತು, ಹೆಸರು ಬೇಕಿತ್ತು. ಸಂಜೆ ಐದಕ್ಕೆ ಜೀಪು ಅರಕಲಗೂಡಿನ ಗರಡಿಯ ಮುಂದೆ ನಿಂತಿತು. ಸುಣ್ಣ ಬಳಿಸುತ್ತಿದ್ದ ದೊಡ್ಡಯ್ಯ ಹಾಳೆ ಇಸಕೊಂಡು ನೋಡಿದರು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟರು.

“ನಮ್ಮ ಕೆಂಚ ಕಣವ್ವ. ಪಟ್ಟಣದ ಕೆಂಚಯ್ಯ. ಚಿತ್ರದಲ್ಲಿ ನನ್ನ ಕೆಳಗೆ ಬಿದ್ದಿರೋನು ಇವನೇಯ.”

ಮರುದಿನ, ಬುಧವಾರ ಬೆಳಗ್ಗೆ ಏಳೂ ಕಾಲು. ಚನ್ನರಾಯಪಟ್ಟಣದ ಹೊರಗಿನ ಹೆಂಚಿನ ಮನೆಯಂಗಳದಲ್ಲಿ ಕೆಂಚಯ್ಯ ಬಸ್ಕಿ ಹೊಡೆಯುತ್ತಿದ್ದ. ಖಾಕಿ ಕಂಡರೂ ನಿಲ್ಲಿಸಲಿಲ್ಲ. ಎಣಿಕೆ ಐವತ್ತು ಮುಟ್ಟಿದ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ನೆನ್ನೆನೇ ಬತ್ತೀರಾ ಅಂದ್ಕಂಡಿದ್ದೆ. ಕಾಫಿ ಕುಡೀತೀರಾ?” ಎಂದ.

“ಚಿತ್ರ ಎಲ್ಲಿದೆ?”

“ರಾಗಿ ಕ್ವಾಣೇಲಿ ಐತೆ.”

ನೆರೆಯವರಿಬ್ಬರನ್ನು ಪಂಚರಾಗಿ ಕರೆದು ಕೋಣೆಯ ಬಾಗಿಲು ತೆಗೆಸಲಾಯಿತು. ಚಿತ್ರ ರಾಗಿ ಮೂಟೆಗಳಿಗೆ ಒರಗಿತ್ತು. ಬೆಡ್‌ಶೀಟು ಒಗೆದು ಮಡಿಚಿಟ್ಟಿತ್ತು. ಪಕ್ಕದಲ್ಲಿ ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕ ನೀಲಿ ಬಣ್ಣದ ಡಬ್ಬಿ. ಜಿನಶ್ರೀ ಬಗ್ಗಿ ನೋಡಿದಳು. ಕೆಳಗೆ ಬಿದ್ದ ಪೈಲ್ವಾನನ ಎಡಭುಜಕ್ಕೂ ಕೆಂಪು ಮಣ್ಣಿಗೂ ನಡುವೆ, ಒಂದು ಬೆರಳಷ್ಟು ಅಗಲಕ್ಕೆ, ಸೊಟ್ಟಸೊಟ್ಟಗೆ ನೀಲಿ ಗೆರೆ ಎಳೆದಿತ್ತು.

ನಗು ಒತ್ತರಿಸಿ ಬಂತು. ತಡೆದುಕೊಂಡಳು.

“ಇದೇನು?”

“ಸಂದಿ,” ಎಂದ ಕೆಂಚಯ್ಯ. “ನನ್ನ ಎಡಭುಜ ಮಣ್ಣಿಗೆ ತಾಗ್ನಿಲ್ಲ ಮೇಡಂ. ಪಂಚಾಯ್ತಿದಾರರು ಅವಸರದಲ್ಲಿ ಸೀಟಿ ಊದ್‌ಬುಟ್ರು. ಸೋತೆ ಅಂದ್ರು, ಸೋತೆ. ಆದ್ರೆ ಅಂಗೆ ಅಂಗಾತ ಬೀಳ್ನಿಲ್ಲ.”

“ನಲವತ್ತೊಂದು ವರ್ಷದ ಮೇಲೆ ಅದಕ್ಕೆ ಕಳ್ಳತನವಾ?”

ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. “ನನ್ನ ಮೊಮ್ಮಗಳು ಯಶಸ್ವಿನಿ ಕುಸ್ತಿ ಕಲೀತಾವ್ಳೆ. ಬಾನುವಾರ ಅದೇ ಗರಡೀಲಿ ಮೊದಲ್ನೇ ಜೋಡಿ ಅವಳ್ದೇ. ಅಲ್ಲಿಗೆ ಚಿತ್ರ ಬರೆಸ್ತಾವ್ರೆ ಅಂತ ಅವಳೇ ಯೋಳಿದ್ಲು. ಮಟ್ಟೀಗೆ ಇಳಿಯೋ ಒತ್ಗೆ ಗ್ವಾಡೆ ಮ್ಯಾಲೆ ತಾತ ಅಂಗ್ ಬಿದ್ದಿರೋದ ನೋಡ್ಬೇಕಾ? ಸರಿ ಮಾಡಿ ಶನಿವಾರ ತಂದಿಡವ ಅಂತಿದ್ದೆ.”

“ಆ ಟೀಚರ್‌ಗೆ ಒಂದು ಮಾತು ಹೇಳ್ಬಹುದಿತ್ತಲ್ಲ.”

“ಯೋಳನ ಅಂತ್ಲೇ ಓಗಿದ್ದೆ. ಬಾಯಿ ಬರ್ನಿಲ್ಲ.”

ಎಂಟೂ ನಲವತ್ತಕ್ಕೆ ಜಪ್ತಿ ಪಂಚನಾಮೆ ಮುಗಿದು ಕೆಂಚಯ್ಯನ ದಸ್ತಗಿರಿಯಾಯಿತು. ಹನ್ನೊಂದಕ್ಕೆ ಮಾಲು ಗುರುತಿಸಲು ದೊಡ್ಡಯ್ಯ, ಕೋಮಲಾ ಇಬ್ಬರೂ ಠಾಣೆಗೆ ಬಂದರು. ದೊಡ್ಡಯ್ಯ ನೀಲಿ ಗೆರೆಯನ್ನೂ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತವನನ್ನೂ ನೋಡಿದರು.

ಜಿನಶ್ರೀ ಕೇಳಿದಳು: “ಭುಜ ಮಣ್ಣಿಗೆ ತಾಗಿತ್ತಾ?”

“ನಾನು ಮ್ಯಾಲಿದ್ದೆ ಕಣವ್ವ, ಕೆಳಗಿಂದು ನಂಗೆಂಗೆ ಕಾಣ್ಬೇಕು? ಸೀಟಿ ಊದುದ್ರು, ಎದ್ದೆ. ಗೆದ್ದೋನು ತಿರುಗಿ ನೋಡ್ತಾನಾ?”

ಕೋಮಲಾ ಚಿತ್ರದ ಹತ್ತಿರ ಬಂದಳು. “ಕೋರ್ಟಿಂದ ಇದು ಕೈಗೆ ಬಂದ್ಮೇಲೆ ಈ ಗೆರೆ ಅಳಿಸ್ಲಾ, ಬಿಡ್ಲಾ?”

“ಬುಡವ್ವ,” ಎಂದರು ದೊಡ್ಡಯ್ಯ. “ಬಣ್ಣ ಒಂದು ಬದಲಾಯ್ಸು. ಬೆನ್ನಿನ ಕೆಳಗೆ ಆಕಾಸ ಬಂದಂಗೈತೆ.”

ಬೆಂಚಿನ ಮೇಲಿದ್ದ ಕೆಂಚಯ್ಯನ ಮೀಸೆ ಅಲುಗಿತು. ನಟರಾಜ ಗೋಡೆಯ ಕಡೆ ತಿರುಗಿ ನಕ್ಕ.

ಮಧ್ಯಾಹ್ನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ನಿಲ್ಲಲು ಪಹಣಿ ಹಿಡಿದು ಮುಂದೆ ಬಂದವರನ್ನು ನ್ಯಾಯಾಧೀಶರು, “ಆರೋಪಿಗೆ ನೀವೇನಾಗಬೇಕು?” ಎಂದು ಕೇಳಿದರು.

“ಜೋಡಿ, ಸಾಮಿ,” ಎಂದರು ದೊಡ್ಡಯ್ಯ. “ಇವನನ್ನ ಕೆಡವಿದೋನು ನಾನೇಯ.”

ಸಂಜೆ ಜಿನಶ್ರೀ ಕೇಸ್ ಡೈರಿ ಬರೆಯಲು ಕುಳಿತಳು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮೊದಲು ‘ಹಳೆಯ ದ್ವೇಷ’ ಎಂದು ಬರೆದವಳು ಅದನ್ನು ಹೊಡೆದು ಹಾಕಿ, ಹೀಗೆ ಬರೆದಳು: ‘ಆರೋಪಿಯು ಸದರಿ ಚಿತ್ರವನ್ನು ಮಾರುವ ಉದ್ದೇಶದಿಂದ ಕದ್ದಿರುವುದಿಲ್ಲ. ಮೊಮ್ಮಗಳು ನೋಡುವುದಕ್ಕೆ ಮುಂಚೆ ತಿದ್ದುವ ಉದ್ದೇಶದಿಂದ ಕದ್ದಿರುತ್ತಾನೆ.’