ಕೆಳಗಿನ ಚಿತ್ರ ನೋಡಿ

“ನಿಮ್ಮ ಮೈದುನ ಬ್ಲಾಗ್ ಕಟ್ತಿದ್ದಾರೋ, ಕೋಟೆ ಕಟ್ತಿದ್ದಾರೋ?” ಎಂದು ಅವಳು ಕೇಳಿದಾಗ ಅವನ ಅತ್ತಿಗೆ ಚಹಾದ ಲೋಟ ಇಡುತ್ತಲೇ ನಕ್ಕುಬಿಟ್ಟರು. “ಕೋಟೆಯಾಗಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತಮ್ಮ.”

ವೆಬ್‌ಸೈಟ್ ಮಾಡಿಕೊಡುವುದೇ ಆ ಮೈದುನನ ಕಸುಬು. ಬೇರೆಯವರಿಗೆ ವಾರದಲ್ಲಿ ಮುಗಿಸುವ ಕೆಲಸವನ್ನು ಇವಳಿಗೆ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತಿದ್ದ.

ಅವಳು ಮೈಕ್ರೋಸ್ಕೋಪ್ ರಿಪೇರಿಯವಳು. ಮಾಡಿದ ಕಂಪನಿಯೇ ಮುಚ್ಚಿಹೋದ ಹಳೆಯ ಮೈಕ್ರೋಸ್ಕೋಪುಗಳನ್ನು ಬಿಚ್ಚಿ, ಹೆಜ್ಜೆಹೆಜ್ಜೆಗೂ ಫೋಟೋ ತೆಗೆದು, ಒಂದು ಬಿಟ್ಟಿ ಬ್ಲಾಗಿನಲ್ಲಿ ಬರೆದಿಡುತ್ತ ಬಂದಿದ್ದಳು. ಈಗ ಅವಳ ಎರಡೂ ಕಣ್ಣು ಮಂಜಾಗುತ್ತಿದ್ದವು. ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆ ಬಿಟ್ಟಿ ಬ್ಲಾಗು ನಡೆಸುವ ಕಂಪನಿಯೂ ಬಾಗಿಲು ಹಾಕುವ ಸೂಚನೆ ಕೊಟ್ಟಿತ್ತು.

“ಕಣ್ಣಿದ್ದಾಗ ಮಾಡಿಟ್ಟದ್ದು ಅದೊಂದೇ. ನನ್ನ ನಂತರಾನೂ ಉಳಿಯೋ ಜಾಗ ನೋಡಿಕೊಡಿ,” ಎಂದು ಮೊದಲ ದಿನವೇ ಕೇಳಿಕೊಂಡಿದ್ದಳು.

ಅವನು ನೋಡಿದ, ನೋಡುತ್ತಲೇ ಇದ್ದ. ಒಂದು ವಾರ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟೋಣ ಅಂದ. ಮುಂದಿನ ವಾರ, “ಅದಕ್ಕೆ ಅಪ್‌ಡೇಟ್ ಕಾಟ ಜಾಸ್ತಿ, ಸಾದಾ ಪುಟಗಳೇ ವಾಸಿ,” ಅಂದ. ಆಮೇಲೆ ಹೋಸ್ಟಿಂಗ್ ಎಲ್ಲಿ, ಅಂದರೆ ಸೈಟನ್ನು ಯಾರ ಕಂಪ್ಯೂಟರಿನಲ್ಲಿ ಇಡುವುದು ಎಂಬ ಚರ್ಚೆ ಹಿಡಿದ.

“ಡೊಮೈನ್ ಮಾತ್ರ ನಿಮ್ಮ ಹೆಸರಲ್ಲೇ ಇರ್ಲಿ. ಆಗ ಸೈಟು ಎಷ್ಟು ಮನೆ ಬದಲಾಯಿಸಿದ್ರೂ ವಿಳಾಸ ಅದೇ ಇರುತ್ತೆ.”

“ಸರಿ, ಮುಗಿಯೋದು ಯಾವಾಗ?”

“ನಾಳೆ.”

“ನಾಳೆ ಅಂದವನ ಮನೆ ಹಾಳು, ಗೊತ್ತಲ್ಲ ನಾಳೆ ಸಾಹೇಬ್ರೇ?” ಕಣ್ಣು ಕಿರಿದು ಮಾಡಿ ಅವಳು ಅವನ ಮುಖದ ತೀರ ಹತ್ತಿರ ಬಂದಳು. “ನೀವು ನಗ್ತಿದ್ದೀರಾ ಅಂತ ನೋಡೋಕೆ ಇಷ್ಟು ಹತ್ರ ಬರ್ಬೇಕು. ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿದುಕೊಳ್ಳಬೇಕೆಂದೇ ಅವನಿಗೆ ಆಸೆ. ಕೆಲಸ ಮುಗಿದರೆ ಅವಳು ಬರುವುದೂ ಮುಗಿಯುತ್ತದೆ, ಅದಕ್ಕೇ ಅವನು ಮುಗಿಸಲಿಲ್ಲ. ಹಳೆಯ ಬ್ಲಾಗನ್ನೆಲ್ಲ ಒಂದೇ ಫೈಲಿನಲ್ಲಿ ಇಳಿಸಿಟ್ಟುಕೊಂಡಿದ್ದೇನಲ್ಲ ಎಂಬ ಧೈರ್ಯ ಬೇರೆ.

ಹಳೆಯ ಬ್ಲಾಗು ಹೇಳಿದ ದಿನವೇ ಮುಚ್ಚಿತು. ಆಮೇಲೆ ಅವನು ಆ ಫೈಲು ತೆರೆದ. ಅಕ್ಷರಗಳೆಲ್ಲ ಇದ್ದವು. ಫೋಟೋಗಳ ಜಾಗದಲ್ಲಿ ಇದ್ದದ್ದು ಮುಚ್ಚಿಹೋದ ಆ ಬ್ಲಾಗಿನ ಲಿಂಕುಗಳು ಮಾತ್ರ. ಇಳಿಸಿದ್ದನ್ನು ಆಗಲೇ ತೆರೆದು ನೋಡಬೇಕೆಂಬ ಕಸುಬಿನ ಮೊದಲ ಪಾಠವನ್ನೇ ಅವನು ಮರೆತಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅವಳು ಬಂದಾಗ ಹೊಸ ಸೈಟು ಸಿದ್ಧವಿತ್ತು. ಅಷ್ಟರಲ್ಲಿ ಕಣ್ಣು ಇನ್ನೂ ಮಂಜಾಗಿ ಪರದೆ ಅವಳಿಗೆ ಬರಿಯ ಬೆಳಕಾಗಿತ್ತು.

“ಮೊದಲನೇದು ಓದಿ,” ಅಂದಳು, ಮಗುವಿನ ಸಂಭ್ರಮದಿಂದ.

“ಮೂರು ಸ್ಕ್ರೂ ಕಾಣುತ್ತವೆ. ಯಾವುದನ್ನು ಮೊದಲು ತಿರುಗಿಸಬೇಕೆಂಬುದಕ್ಕೆ ಕೆಳಗಿನ ಚಿತ್ರ ನೋಡಿ…” ಅವನು ಓದುವುದನ್ನು ನಿಲ್ಲಿಸಿದ. “ಕೆಳಗೆ ಚಿತ್ರ ಇಲ್ಲ. ಒಂದೂ ಇಲ್ಲ. ನಾನು ಕಳೆದೆ.”

“ನನ್ನ ಹತ್ರಾನೂ ಇಲ್ಲ,” ಅಂದಳು. “ಅಲ್ಲಿ ಹಾಕಿ ಫೋನಿಂದ ಅಳಿಸ್ತಿದ್ದೆ. ಇಷ್ಟು ದಿನ ಏನು ಮಾಡ್ತಿದ್ರಿ?”

“ಎಳೀತಿದ್ದೆ. ಮುಗಿದ್ರೆ ನೀವು ಬರೋದಿಲ್ಲ ಅಂತ. ನೀವಂದ್ರೆ ನಂಗೆ ಪ್ರಾಣ.”

ಅವಳು ಅತ್ತಳು, ಸದ್ದಿಲ್ಲದೆ.

“ಬ್ಲಾಗ್ ಮುಗಿದ್ಮೇಲೂ ಬರ್ತಿದ್ದೆ ಕಣ್ರೀ. ಯಾವುದಾದ್ರೂ ನೆಪ ಹುಡುಕಿಟ್ಕೊಂಡಿದ್ದೆ. ಒಂದು ಮಾತು ಕೇಳ್ಬಾರದಿತ್ತೇ?”

“ಮತ್ತೆ ಫೋಟೋ ತೆಗೆಯೋಣ. ನೀವು ಹೇಳಿ, ನಾನು ಬಿಚ್ಚಿ…”

“ಯಾವ ಸ್ಕ್ರೂ ಅಂತ ನೋಡಿ ಹೇಳ್ಬೇಕಾದೋಳು ನಾನು, ಈಗ ಕಣ್ಣೆಲ್ಲಿದೆ?” ಕೈ ಚಾಚಿ ಅವನ ಹಣೆ, ಮೂಗು, ಒದ್ದೆಯಾದ ಕೆನ್ನೆ ಸವರಿದಳು. “ನಿಮ್ಮ ಮುಖ ನಂಗೆ ನೆನಪಿರುತ್ತೆ. ಅದನ್ನ ಪೂರ್ತಿ ನೋಡಿಟ್ಕೊಂಡಿದ್ದೀನಿ.”

ಬಾಗಿಲವರೆಗೆ ಅವನು ಅವಳ ತೋಳು ಹಿಡಿಯಲು ಹೋದ. ಬೇಡವೆಂದು ಬಿಡಿಸಿಕೊಂಡಳು, ದಾರಿ ಗೊತ್ತು ಎಂದಳು.

“ನಾಳೆ ಬರ್ತೀರಾ?” ಎಂದು ಕೇಳಿದ.

ಅವಳು ಗೋಡೆ ಸವರುತ್ತ ಮೆಟ್ಟಿಲಿಳಿದು ಹೋದಳು.