ಅಕ್ಕ ಮೊದಲು

"ಫ್ಯಾನ್ ತಿರುಗ್ತಿದೆ, ಲೈಟ್ ಉರೀತಿದೆ. ಎದ್ದೇಳೋಕೆ ಮಾತ್ರ ಏನು ಧಾಡಿ ಇದಕ್ಕೆ?" ಅಮ್ಮ ಕಂಪ್ಯೂಟರಿನ ಡಬ್ಬದ ಮೇಲೆ ಒಂದು ಮೊಟಕಿದಳು.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು ಕೂತಿತ್ತು. ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲವಂತೆ. ಅಮ್ಮ ಆಫ್ ಮಾಡಿ ಆನ್ ಮಾಡಿದಳು. ಅದೇ ಸಾಲು. ಚೆನ್ನಾಗಿ ಬೈದು ಆನ್ ಮಾಡಿದಳು. ಆಗಲೂ ಅದೇ.

"ನಾನು ಊಟ ಮಾಡಿ ಅರ್ಧ ಗಂಟೆ ಮಲಗಿದ್ರೆ ಸಾಕು! ಟಕಟಕ ಅಂತ ಕೀಬೋರ್ಡ್ ಕುಟ್ತಿದ್ದೋಳು ಯಾರು?"

ಆ ಮನೆಯಲ್ಲಿ ಇಂಥ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ. ಚಿಳ್ಳೆ. ಅವಳಿಗೆ ಆರು ವರ್ಷ, ಮೂಗು ಸದಾ ಸೋರುತ್ತಿರುತ್ತದೆ.

"ಆಫೀಸ್ ಆಟ ಆಡ್ತಿದ್ದೆ. ಆಫ್ ಆಗಿದ್ದಾಗ ಕುಟ್ಟಿದ್ದು," ಎಂದಳು ಚಿಳ್ಳೆ. "ಮೆತ್ತಗೆ."

"ಹೋಗು, ಮೂಲೇಲಿ ಕೂತ್ಕೋ. ಉಸಿರೆತ್ತಬೇಡ!"

ಚಿಳ್ಳೆ ಮೂಲೆಗೆ ಹೋದಳು. ಕಿಟಕಿಯ ಹತ್ತಿರ ಅವಳ ಅಕ್ಕ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದಳು. ಚೂಪಾದ ಪೆನ್ಸಿಲನ್ನೇ ಮತ್ತೆ ಮತ್ತೆ ಹೆರೆದು, ಅದು ಬೆರಳಿಗೆ ಸಿಗದಷ್ಟು ಮೋಟಾಗಿತ್ತು. ಹತ್ತು ವರ್ಷದ ಅವಳನ್ನು ಮನೆಯವರು ಕರೆಯುವುದು ಮೇಡಂ ಎಂದು. ಮನೆಯ ಕಾನೂನು ಮಾಡುವವಳು ಅವಳೇ ತಾನೆ? ಮೊದಲ ಕಾನೂನು, ಅಕ್ಕ ಮೊದಲು. ಸ್ನಾನಕ್ಕೆ ಅಕ್ಕ ಮೊದಲು, ಬಸ್ಸಿನ ಕಿಟಕಿ ಸೀಟಿಗೆ ಅಕ್ಕ ಮೊದಲು, ಕಂಪ್ಯೂಟರಿನ ಬಟನ್ ಒತ್ತುವುದಕ್ಕೂ ಅಕ್ಕನೇ ಮೊದಲು. ಎರಡನೆಯ ಕಾನೂನು ಬೇಕು ಎಂದು ಅವಳಿಗೆ ಇದುವರೆಗೆ ಅನಿಸಿಲ್ಲ.

ಅಮ್ಮನದು ಟೈಪಿಂಗ್ ಕೆಲಸ. ಮೂರು ತಿಂಗಳಿಂದ ಅವಳು ಪೋಸ್ಟ್‌ಮ್ಯಾನ್ ತಾತನ ಜೀವನದ ಕತೆಯನ್ನು ಟೈಪ್ ಮಾಡುತ್ತಿದ್ದಳು. ನಲವತ್ತು ವರ್ಷ ಊರಿನವರ ಅಕ್ಷರವನ್ನೆಲ್ಲ ಓದಿದ ತಾತನ ಅಕ್ಷರವನ್ನು ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ತಾತನಿಗೂ ಬರುತ್ತಿರಲಿಲ್ಲ. ಪುಟಪುಟಕ್ಕೂ ಅಮ್ಮ ಫೋನ್ ಮಾಡಿ, "ತಾತ, ಇದು ಅತ್ತೆಯೋ ಕತ್ತೆಯೋ?" ಎಂದು ಕೇಳಬೇಕಾಗುತ್ತಿತ್ತು. ಹಾಗೂ ಹೀಗೂ ಇನ್ನೂರ ಹತ್ತು ಪುಟ ಮುಗಿದಿತ್ತು. ಐದು ಗಂಟೆಗೆ ತಾತ ಬರುವವರಿದ್ದರು. ಈಗ ನಾಲ್ಕಾಗಿತ್ತು.

ಅಮ್ಮ ಫೋನ್ ಮಾಡಿದ್ದೇ ತಡ, ಪಕ್ಕದ ಬೀದಿಯಿಂದ ಸ್ಕ್ರೂ ಮಾಮ ಓಡಿ ಬಂದ. ಫ್ಯಾನ್ ಕೆಡಲಿ, ಕಂಪ್ಯೂಟರ್ ಕೆಡಲಿ, ಅವನು ಮೊದಲು ಸ್ಕ್ರೂ ಬಿಚ್ಚುತ್ತಾನೆ. ಏನಾಯಿತು ಎಂದು ಕೇಳುವುದು ಆಮೇಲೆ.

ಡಬ್ಬದೊಳಗೆ ಎರಡು ಹಾರ್ಡ್ ಡಿಸ್ಕ್ ಇದ್ದವು. ಹಳೆಯ ದಪ್ಪ ಡಿಸ್ಕಿನ ಮೇಲೆ ‘ಅಕ್ಕ’ ಎಂಬ ಚೀಟಿ. ಹೋದ ವಾರ ಸೇರಿಸಿದ ಚಿಕ್ಕದರ ಮೇಲೆ ‘ತಂಗಿ’. ಸೇರಿಸಿದವನೂ ಹೆಸರಿಟ್ಟವನೂ ಮಾಮನೇ.

ಮಾಮ ಕೇಬಲ್ಲುಗಳನ್ನು ಎಳೆದು ಚುಚ್ಚಿದ. ಆನ್ ಮಾಡಿದ. ಅದೇ ಸಾಲು.

"ಎರಡೂ ಡಿಸ್ಕ್ ಕೈಕೊಟ್ಟಿವೆ ಅನ್ಸುತ್ತೆ," ಎಂದ. "ಎಲ್ಲಾ ಅಳಿಸಿ ಸಿಸ್ಟಂ ಹೊಸದಾಗಿ ಹಾಕ್ಬೇಕು."

"ಒಳಗಿರೋ ಪುಸ್ತಕ?"

"ಅದು ಹೋಯ್ತು ಅಂತಾನೇ ಅಂದ್ಕೊಳ್ಳಿ."

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವಳು ತಾತನ ಕಾಗದದ ಕಟ್ಟು ಬಿಚ್ಚಿ, ಮೊದಲ ಪುಟದ ಮಡಿಕೆಯನ್ನು ಅಂಗೈಯಿಂದ ಸವರಿ, ಕನ್ನಡಕ ಹಾಕಿಕೊಂಡಳು. ಮತ್ತೆ ಒಂದನೇ ಪುಟದಿಂದ ಶುರು.

ಮೂಲೆಯಲ್ಲಿ ಚಿಳ್ಳೆ ಬಿಕ್ಕುತ್ತಿದ್ದಳು. ಮಾಮ ಜೇಬಿನಿಂದ ಹೊಸ ಸಿಸ್ಟಂ ಇದ್ದ ಪೆನ್ ಡ್ರೈವ್ ತೆಗೆದು ಚುಚ್ಚಿದ. ಮೇಡಂ ಕಿಟಕಿಯ ಹತ್ತಿರದಿಂದ ಎದ್ದು ಬಂದಳು.

"ಮಾಮಾ, ಅಳಿಸಬೇಡ!" ಮೋಟು ಪೆನ್ಸಿಲ್ ಕೈಯಿಂದ ಬಿತ್ತು. "ನಾನು... ನಾನು ಲಿಸ್ಟ್ ಸರಿ ಮಾಡ್ದೆ."

"ಯಾವ ಲಿಸ್ಟು?"

"ಆನ್ ಮಾಡಿದ ತಕ್ಷಣ ಎಫ್ ಟೂ ಒತ್ತಿದ್ರೆ ಬರುತ್ತಲ್ಲ, ನೀಲಿ ಪರದೆ. ನೀನೇ ಹೋದ ವಾರ ತೋರಿಸಿದ್ದೆ. ಅದ್ರಲ್ಲಿ ತಂಗಿ ಒಂದನೇ ನಂಬರು, ಅಕ್ಕ ಎರಡನೇದು."

"ಅದಕ್ಕೆ?"

"ಅದು ತಪ್ಪಲ್ವಾ? ಅಕ್ಕ ಇರೋವಾಗ ತಂಗಿ ಹೇಗೆ ಮೊದಲು? ಅದಕ್ಕೇ ಅಕ್ಕನ್ನ ಮೇಲೆ ಹಾಕ್ದೆ. ಅಮ್ಮ ಮಲಗಿದ್ದಾಗ."

ಮಾಮ ಪೆನ್ ಡ್ರೈವ್ ಕಿತ್ತು, ಹಣೆ ಹಣೆ ಚಚ್ಚಿಕೊಂಡು ನಕ್ಕ.

"ಅಯ್ಯೋ ಮೇಡಂ! ಅಕ್ಕನ ಹತ್ರ ಇರೋದು ಬರೀ ಸಾಮಾನು. ಸಿಸ್ಟಂನ ಹೋದ ವಾರ ತಂಗಿಗೆ ಹಾಕ್ದೆ, ಏಳೋದು ಹೇಗೆ ಅಂತ ಗೊತ್ತಿರೋದು ಅವಳಿಗೆ. ಈ ಮೆಷಿನ್ನು ಹೋಗಿ ಅಕ್ಕನ ಬಾಗಿಲು ಬಡೀತಿದೆ, ಅಕ್ಕ ಗೊರಕೆ ಹೊಡೀತಿದಾಳೆ. ಎರಡನೇ ಬಾಗಿಲು ಬಡಿಯೋ ಬುದ್ಧಿ ಈ ಮುದಿ ಮೆಷಿನ್ನಿಗಿಲ್ಲ." ಆಮೇಲೆ ತಲೆ ಕೆರೆದುಕೊಂಡ. "ನಾನೂ ಆ ಲಿಸ್ಟ್ ನೋಡ್ಬೇಕಿತ್ತು. ನಾನೇ ಸರಿಯಾಗಿ ಇಟ್ಟಿದ್ನಲ್ಲಾ ಅಂತ ಬಿಟ್ಟೆ."

"ಸ್ಕ್ರೂ ಬಿಚ್ಚೋ ಮುಂಚೆ ನೋಡ್ಬೇಕಿತ್ತು," ಎಂದಳು ಅಮ್ಮ. ಮೇಡಂ ಕಡೆ ತಿರುಗಿದ ಅವಳ ಕಣ್ಣು ಮಾತ್ರ ನಗುತ್ತಿರಲಿಲ್ಲ. "ಬಾ ಇಲ್ಲಿ. ಕೆಡಿಸಿದೋಳೇ ಸರಿ ಮಾಡು."

ಮೇಡಂ ಎಫ್ ಟೂ ಒತ್ತಿದಳು. ನೀಲಿ ಪರದೆ ಬಂತು. ತಂಗಿಯನ್ನು ಮೇಲೆ ಕಳಿಸಿ, ಅಕ್ಕನನ್ನು ಕೆಳಗಿಳಿಸಿ, ಸೇವ್ ಮಾಡಿದಳು. ಪರದೆ ಕಪ್ಪಾಯಿತು. ಎಲ್ಲರೂ ಕಾದರು.

"ಸುಮ್‌ಸುಮ್ನೆ ನಿನ್ನ ಬೈದ್ಬಿಟ್ಟೆ, ಮರೀ," ಅಮ್ಮ ಚಿಳ್ಳೆಯನ್ನು ಹತ್ತಿರ ಎಳೆದುಕೊಂಡಳು. "ಅಕ್ಕ ಮಾಡಿದ್ದು ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಾನು ನೋಡಿದ್ದೆ."

"ಮತ್ತೆ ಹೇಳೋದಲ್ವಾ?"

ಚಿಳ್ಳೆ ಮೂಗನ್ನು ತೋಳಿಗೆ ಒರೆಸಿಕೊಂಡಳು. "ಅಕ್ಕ ಹೇಳಲಿ ಅಂತ ಕಾಯ್ತಿದ್ದೆ. ಎಲ್ಲಾದಕ್ಕೂ ಅಕ್ಕ ಮೊದಲಲ್ವಾ?"

ಮಾಮ ಕೆಮ್ಮಿದ. ಮೇಡಂಗೆ ಎಷ್ಟು ನಾಚಿಕೆಯಾಯಿತೆಂದರೆ, ಪರದೆ ಝಗ್ಗೆಂದು ಬೆಳಗಿದ್ದೂ ಅವಳಿಗೆ ಕಾಣಲಿಲ್ಲ.

"ಬಂತು!" ಅಮ್ಮ ಕುರ್ಚಿ ಎಳೆದುಕೊಂಡು ಪುಸ್ತಕ ತೆರೆದಳು. ಇನ್ನೂರ ಹತ್ತು ಪುಟವೂ ಇತ್ತು. ಅತ್ತೆ, ಕತ್ತೆ ಎಲ್ಲರೂ ಕ್ಷೇಮ. "ಆ ಪೆನ್ ಡ್ರೈವ್ ಕೊಡು ಇಲ್ಲಿ," ಎಂದು ಮಾಮನಿಂದ ಕಿತ್ತುಕೊಂಡು, ಮೊದಲು ಪುಸ್ತಕದ ಒಂದು ಕಾಪಿ ಮಾಡಿಟ್ಟಳು.

ಮಾಮ ಕಂಪ್ಯೂಟರ್ ಆಫ್ ಮಾಡಿ ಡಬ್ಬ ಮುಚ್ಚಿದ. ಎಂದಿನಂತೆ ಒಂದು ಸ್ಕ್ರೂ ಉಳಿಯಿತು. ಅದನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡ.

"ಹೂಂ, ಆನ್ ಮಾಡಿ. ಪ್ರಿಂಟ್ ತೆಗೀಬೇಕು," ಎಂದಳು ಅಮ್ಮ.

ಮೇಡಂ ಬೆರಳು ತಾನಾಗಿಯೇ ಬಟನ್ನಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು.

"ಚಿಳ್ಳೆ, ಬಾ."

"ನಾನಾ?"

"ನೀನೇ. ಬೇಗ. ತಾತ ಬಂದ್ಬಿಡ್ತಾರೆ."

ಚಿಳ್ಳೆ ಬೆರಳನ್ನು ಫ್ರಾಕಿಗೆ ಒರೆಸಿಕೊಂಡು, ಅಕ್ಕನ ಮುಖವನ್ನು ಇನ್ನೊಮ್ಮೆ ನೋಡಿ, ಬಟನ್ ಒತ್ತಿದಳು. ಮೇಡಂ ಅವಳ ಹಿಂದೆ ನಿಂತು ಪರದೆ ಬೆಳಗುವುದನ್ನು ಕಾದಳು.