ಹುಲ್ಲಿನ ಬಂಡಿಯ ಉಡಿ

“ಸೀಟಿನ ಬುಡಕ ಕೈ ಹಾಕಬ್ಯಾಡ್ರಿ ಯಪ್ಪಾ. ಅಲ್ಲಿ ಕಟ್ಟೈತಿ,” ಎಂದಳು ಪಕ್ಕದ ಮನೆಯ ಮುದುಕಿ ರಾಯವ್ವ, ಹಿತ್ತಲ ಗೋಡೆಯಾಚೆ ನಿಂತು.

“ಕಟ್ಟಿದ್ರ ಬಿಚ್ಚೂಣ ಬಿಡಬೇ. ಪಾನಾ ಐತಿ ನನ್ನ ಕಡೆ,” ಎಂದು ನಿಜಗುಣಪ್ಪ ಕೈಯಲ್ಲಿದ್ದ ಸ್ಪ್ಯಾನರು ತೋರಿಸಿ ನಕ್ಕ.

ಬೈಲಹೊಂಗಲದ ಹತ್ತಿ ಜಿನ್ನಿಗೆ ಫಿಟ್ಟರನಾಗಿ ಹುಬ್ಬಳ್ಳಿಯಿಂದ ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಬಿಳಿಯ ಸಾಹೇಬನ ಹಾಳುಬಂಗಲೆಯ ಗುಜರಿಯಲ್ಲಿ ಸಿಕ್ಕಿದ್ದು ಈ ಬಂಡಿ. ಮೇಲೆ ಕುಳಿತು ನಡೆಸುತ್ತ ಹುಲ್ಲು ಕತ್ತರಿಸುವಂಥದು. ಹೆಂಡತಿ ಗುರವ್ವ ತುಂಬಿದ ಬಸುರಿ. ಹಿಂದಿನ ಬಸಿರುಗಳು ನಿಂತಿರಲಿಲ್ಲ, ಇದೊಂದು ನಿಂತಿತ್ತು. ಸೀಮಂತದ ಕುಬಸ ಮುಗಿಸಿ ಅವಳು ತವರಿಗೆ ಹೊರಡುವ ಮೊದಲು ಬಂಡಿ ಓಡಿಸಿ ತೋರಿಸಬೇಕೆಂಬ ಹುರುಪು ಅವನಿಗೆ.

ತುಕ್ಕು ಕೆರೆದ. ಪ್ಲಗ್ಗು ಬದಲಿಸಿದ. ಪೆಟ್ರೋಲು ಹನಿಯುತ್ತಿತ್ತು, ಕಿಡಿ ಹಾರುತ್ತಿತ್ತು, ಆದರೂ ಹಗ್ಗ ಎಳೆದೆಳೆದು ಅಂಗೈ ಸುಲಿಯಿತೇ ಹೊರತು ಎಂಜಿನ್ನು ಕೆಮ್ಮಲೂ ಇಲ್ಲ. ಕಡೆಗೆ ಸಿಟ್ಟಿನಿಂದ ಸೀಟನ್ನೇ ಕಿತ್ತ. ಕೆಳಗೊಂದು ಹಸಿರು ಖಣದ ಗಂಟು. ಕಮಟು ಕೊಬ್ಬರಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬಿಚ್ಚಿದರೆ ಅಕ್ಕಿ, ಅಡಕೆ, ಹಸಿರು ಬಳೆ. ಯಾರೋ ಬಂಡಿಗೆ ಉಡಿ ತುಂಬಿದ್ದರು.

“ಬಂಡಿಗೂ ಕುಬಸ ಆಗೇತಿ ನೋಡ,” ಎಂದು ಅದನ್ನು ಆಚೆ ಒಗೆದ.

ಉಡಿಯ ಅಕ್ಕಿ ನೆಲಕ್ಕೆ ಬೀಳುವುದನ್ನು ಯಾವ ಹೆಂಗಸು ನೋಡುತ್ತ ಕೂತಾಳು? ಕಟ್ಟೆಯ ಮೇಲಿದ್ದ ಗುರವ್ವ ಯೋಚಿಸಲೂ ಇಲ್ಲ. ಸೆರಗೊಡ್ಡಿ ಹಿಡಿದಳು.

ಎಂಜಿನ್ನು ಗುಡುಗಿತು.

ಯಾರೂ ಹಗ್ಗ ಎಳೆದಿರಲಿಲ್ಲ. ಬ್ಲೇಡು ತಿರುಗಿಸುವ ಬೆಲ್ಟು ಇನ್ನೂ ಗೋಡೆಯ ಗೂಟದ ಮೇಲಿತ್ತು. ಆದರೂ ಅಡಿಯಲ್ಲಿ ಬ್ಲೇಡು ತಿರುಗುತ್ತಿತ್ತು. ಒಂದು ಗರಿಕೆಯೂ ಇಲ್ಲದ ಆ ಕರಿಮಣ್ಣಿನ ಹಿತ್ತಲಲ್ಲಿ ಆಗಷ್ಟೇ ಕೊಯ್ದ ಹಸಿ ಹುಲ್ಲಿನ ವಾಸನೆ. ಹಾಡುಹಗಲೇ ಗುರವ್ವನ ಕಣ್ಣಿಗೆ ಕತ್ತಲೆ. ಗುರವ್ವ ಹೊಟ್ಟೆ ಹಿಡಿದು ಕುಸಿದಳು. ನಿಜಗುಣಪ್ಪ ಪ್ಲಗ್ಗಿನ ತಂತಿ ಕಿತ್ತ. ನಿಲ್ಲಲಿಲ್ಲ. ಪೆಟ್ರೋಲಿನ ನಳಿಗೆ ಹರಿದ. ನಿಲ್ಲಲಿಲ್ಲ.

ಸದ್ದು ಕೇಳಿ ರಾಯವ್ವ ಎದ್ದೂಬಿದ್ದೂ ಓಡಿ ಬಂದಳು. ಅದು ತನ್ನ ಮಗಳು ಮರೆವ್ವನ ಕುಬಸದ ಉಡಿ ಎಂದು ಏದುಸಿರಿನಲ್ಲೇ ಹೇಳಿದಳು. ಬಂಗಲೆಯ ಹುಲ್ಲು ಹೊರುತ್ತಿದ್ದ ಬಸುರಿಯನ್ನು ಈ ಬಂಡಿ ಕೆಡವಿ ಕೊಂದಿತ್ತು. ಮತ್ತೊಂದು ಬಸುರಿಯನ್ನು ಬೇಡದಿರಲೆಂದು ತಾಯಿ ಅದೇ ಉಡಿಯನ್ನು ಮಂತ್ರಿಸಿ ತಂದು ಬಂಡಿಗೆ ತುಂಬಿದ್ದಳು. ಈಗ ಅದರ ಉಡಿ ಬರಿದಾಗಿ ಗುರವ್ವನ ಸೆರಗು ತುಂಬಿತ್ತು.

ಮುದುಕಿ ತನ್ನ ಹರಕು ಸೆರಗು ಒಡ್ಡಿದಳು. “ನನ್ನ ಉಡಿಗೆ ಹಾಕವ್ವಾ. ಬೇಡೂದಿದ್ರ ನನ್ನನ್ನ ಬೇಡಲಿ.”

ಗುರವ್ವನ ಕೈ ಮೇಲೆದ್ದಿತು. ಅರ್ಧಕ್ಕೇ ನಿಂತಿತು.

ರಾಯವ್ವ ಗಂಡ ಸತ್ತವಳು. ಅಂಥವಳಿಗೆ ಉಡಿ ತುಂಬಿದರೆ ತುಂಬಿದವಳ ಗಂಡನಿಗೆ ಕೇಡು ಎಂದು ತವರಲ್ಲಿ ಕೇಳುತ್ತ ಬೆಳೆದವಳು ಗುರವ್ವ. ನೋವಿನಲ್ಲೂ ತಿರುಗಿ ಗಂಡನ ಮುಖ ನೋಡಿದಳು.

“ನನಗೇನೂ ಆಗೂದಿಲ್ಲ. ಹಾಕ, ಗುರವ್ವಾ,” ಎಂದ ಅವನು.

ಹಾಕಿದಳು. ಬಂಡಿ ನಿಂತಿತು. ಹಿತ್ತಲೆಲ್ಲ ಮೌನ. ಗುರವ್ವ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಒಂದು ಒದೆತಕ್ಕಾಗಿ ಕಾದಳು. ಅಲ್ಲಿಯೂ ಮೌನ.

ಸತ್ತೇ ಹುಟ್ಟಿದ ಕೂಸನ್ನು ರಾಯವ್ವನೇ ತೊಳೆದು ಬಟ್ಟೆ ಸುತ್ತಿ ಕೊಟ್ಟಳು. ಮುಂದೆ ಯಾರೂ ನಿಜಗುಣಪ್ಪನನ್ನು ದೂರಲಿಲ್ಲ, ಗುರವ್ವ ಕೂಡ. ಆದರೆ ಆ ಕ್ಷಣ ಅವಳ ಕೈ ಅರ್ಧಕ್ಕೇ ನಿಂತದ್ದು ಯಾರ ಸಲುವಾಗಿ ಎಂದು ಅವನಿಗೆ ಗೊತ್ತಿತ್ತು. ಅವಳು ಊಟದ ತಾಟು ತಂದು ಮುಂದಿಟ್ಟಾಗಲೆಲ್ಲ ಅವನು ತಲೆ ಬಗ್ಗಿಸಿಯೇ ಉಣ್ಣುತ್ತಿದ್ದ.